ಹೊಸ ಕಾರ್ಡ್‌ಲೆಸ್ ಫೋನ್: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮನೆಗೆ ಕಾರ್ಡ್‌ಲೆಸ್ ಫೋನ್ ತಂದೆ ಅಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ಮೊಬೈಲಿಗೆ ಒಗ್ಗಿದ ಕೈ ನಿನ್ನದು. ಇದರ ರೀತಿ ಸ್ವಲ್ಪ ಬೇರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಚಾರ್ಜ್. ಆತುರ ಬೇಡ. ಹ್ಯಾಂಡ್‌ಸೆಟ್ಟಿನ ಹಿಂದಿನ ಮುಚ್ಚಳ ತೆಗೆದು, ಪ್ಲಸ್ ಮೈನಸ್ ನೋಡಿ ಬ್ಯಾಟರಿ ಕೂರಿಸು. ಬೇಸ್ ಮೇಲೆ, ಅಂದರೆ ಲೈನಿಗೂ ಕರೆಂಟಿಗೂ ಜೋಡಿಸುವ ಪೀಠದ ಮೇಲೆ, ಇಟ್ಟು ರಾತ್ರಿಯೆಲ್ಲಾ ಬಿಟ್ಟುಬಿಡು. ಮೊದಲ ಸಲ ಎಷ್ಟು ಗಂಟೆ ಇಡಬೇಕು ಅಂತ ಜೊತೆಗೆ ಬಂದ ಪುಸ್ತಕದಲ್ಲಿ ಇರುತ್ತದೆ, ಅಷ್ಟು ಹೊತ್ತು ಕಾಯಿ. ಮುಂದೆ ಬ್ಯಾಟರಿ ಬದಲಿಸುವಾಗ ಟಿವಿ ರಿಮೋಟಿಗೆ ಹಾಕುವ ಸೆಲ್ ಮಾತ್ರ ಹಾಕಬೇಡ. ಅಳತೆ ಒಂದೇ ಇರಬಹುದು, ಆದರೆ ಅವು ರೀಚಾರ್ಜ್ ಮಾಡುವಂಥವಲ್ಲ. ಚಾರ್ಜ್‌ಗೆ ಇಟ್ಟರೆ ಬಿಸಿಯಾಗಿ ಸೋರುತ್ತವೆ, ಒಡೆಯಲೂಬಹುದು. ಸಾಮಾನ್ಯವಾಗಿ 1.2 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಬೇಕಾಗುತ್ತದೆ. ಹಳೆಯದರ ಮೇಲೆ ಏನು ಬರೆದಿದೆಯೋ ಅದನ್ನೇ ಕೇಳಿ ತಗೋ.

ಕಾಲ್ ಮಾಡುವಾಗ ಮೊದಲು ನಂಬರ್ ಒತ್ತಿ, ಪರದೆಯಲ್ಲಿ ನೋಡಿಕೊಂಡು, ಆಮೇಲೆ ಹಸಿರು ಬಟನ್ ಒತ್ತು. ಹಸಿರು ಒತ್ತಿ, ಡಯಲ್ ಟೋನ್ ಕೇಳಿಸಿದ ಮೇಲೆ ನಂಬರ್ ಒತ್ತಿದರೂ ಆಗುತ್ತದೆ. ಆದರೆ ಆಗ ಒಂದೊಂದು ಅಂಕಿಯೂ ಒತ್ತಿದ ತಕ್ಷಣ ಲೈನಿಗೆ ಹೋಗಿಬಿಡುತ್ತದೆ, ತಪ್ಪಾದರೆ ಅಳಿಸಲು ಆಗಲ್ಲ.

ಇನ್ನು ಕಾಲ್ ಮುಗಿಸುವುದು. ನಿಜ ಹೇಳಬೇಕೆಂದರೆ ನಾನು ಪೆನ್ನು ಹಿಡಿದದ್ದೇ ಇದಕ್ಕೆ. ಮೊಬೈಲಿನಲ್ಲಿ ಆ ಕಡೆಯವರು ಇಟ್ಟರೆ ನಿನ್ನ ಕಡೆಯೂ ಕಟ್ ಆಗುತ್ತದೆ ಅಲ್ವಾ? ಇಲ್ಲಿ ಹಾಗೆ ನಂಬಿ ಕೂರಬೇಡ. ನೀನೇ ಕೆಂಪು ಬಟನ್ ಒತ್ತಬೇಕು, ಇಲ್ಲವೇ ಹ್ಯಾಂಡ್‌ಸೆಟ್ ಅನ್ನು ಬೇಸ್ ಮೇಲೆ ಸರಿಯಾಗಿ ಕೂರಿಸಬೇಕು. ಹಾಗೇ ಸೋಫಾ ಮೇಲೆ ಹಾಕಿ ಹೋದರೆ ಲೈನ್ ತೆರೆದೇ ಇರುತ್ತದೆ. ಯಾರು ಮಾಡಿದರೂ ಎಂಗೇಜ್. ನಿನಗೆ ಗೊತ್ತೂ ಆಗಲ್ಲ. ಎರಡು ಹ್ಯಾಂಡ್‌ಸೆಟ್ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಕೂರಿಸಿದಾಗ ಚಾರ್ಜ್ ದೀಪ ಹತ್ತಿತಾ ಅಥವಾ ಪರದೆಯಲ್ಲಿ ಬ್ಯಾಟರಿ ಗುರುತು ಓಡುತ್ತಿದೆಯಾ ಅಂತ ಒಂದು ಸಲ ನೋಡು. ಇಲ್ಲದಿದ್ದರೆ ಕೆಳಗಿನ ಲೋಹದ ತುದಿಗಳನ್ನು ಒಣಬಟ್ಟೆಯಿಂದ ಒರೆಸು.

ಮಾತಿನ ನಡುವೆ ಬೀಪ್ ಬಂದರೆ ಇನ್ನೊಬ್ಬರು ಕರೆಯುತ್ತಿದ್ದಾರೆ ಅಂತ. ಆಗ ಕೆಂಪು ಒತ್ತಬೇಡ, ಇದ್ದ ಕಾಲ್ ಹೋಗುತ್ತದೆ. ಫ್ಲ್ಯಾಶ್ ಬಟನ್ ಒತ್ತು. ಕೆಲವು ಫೋನುಗಳಲ್ಲಿ ಅದರ ಮೇಲೆ ಬರೀ ‘ಆರ್’ ಅಂತ ಇರುತ್ತದೆ. ಈ ಸೌಲಭ್ಯ, ಹಾಗೆಯೇ ಕರೆದವರ ನಂಬರ್ ಕಾಣುವ ಸೌಲಭ್ಯ, ಎರಡನ್ನೂ ಲೈನ್ ಕೊಟ್ಟವರೇ ಕೊಡಬೇಕು. ನಂಬರ್ ಕಾಣದಿದ್ದರೆ ಸುಮ್ನೆ ಫೋನ್ ಕೆಟ್ಟಿದೆ ಅಂದುಕೊಳ್ಳಬೇಡ, ಅವರನ್ನು ಕೇಳು.

ಹ್ಯಾಂಡ್‌ಸೆಟ್ ಎಲ್ಲಿಟ್ಟೆ ಅಂತ ಮರೆತರೆ ಬೇಸ್ ಮೇಲಿನ ಪೇಜ್ ಬಟನ್ ಒತ್ತು, ಇದ್ದಲ್ಲೇ ಕೂಗುತ್ತದೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಮಾತ್ರ ಕೂಗಲ್ಲ.

ಕರೆಂಟ್ ಹೋದಾಗ ಏನು ಅನ್ನುವುದನ್ನೂ ಈಗಲೇ ಯೋಚಿಸು. ಹ್ಯಾಂಡ್‌ಸೆಟ್ಟಿನಲ್ಲಿ ಚಾರ್ಜ್ ತುಂಬಿದ್ದರೂ ಬೇಸ್‌ಗೆ ಕರೆಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಲ್ ಬರಲ್ಲ, ಹೋಗಲ್ಲ. ಹಳೆಯ ವೈರಿನ ಫೋನ್ ಇದ್ದರೆ ಎಸೆಯಬೇಡ. ತಾಮ್ರದ ತಂತಿಯ ಲೈನ್ ಆದರೆ ಅದಕ್ಕೆ ಬೇಕಾದ ಕರೆಂಟ್ ಎಕ್ಸ್‌ಚೇಂಜಿನಿಂದ ಆ ತಂತಿಯಲ್ಲೇ ಬರುತ್ತದೆ. ನಿಮ್ಮದು ಫೈಬರ್ ಲೈನ್ ಆಗಿದ್ದರೆ ಮೋಡೆಮ್‌ಗೂ ಬೇಸ್‌ಗೂ ಬ್ಯಾಟರಿ ಬ್ಯಾಕಪ್ ಬೇಕು. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುವಾಗ ಇದನ್ನು ಮುಂದಕ್ಕೆ ಹಾಕಬೇಡಮ್ಮ.

ನಮ್ಮ ನಂಬರ್ ಫೋನ್‌ಬುಕ್ಕಿಗೆ ಹಾಕುವಾಗ ಊರಿನ ಕೋಡ್ ಸೇರಿಸಿಯೇ ಹಾಕು. ಆಸ್ಪತ್ರೆ, ಪಕ್ಕದ ಮನೆಯವರ ನಂಬರೂ ಅದರಲ್ಲಿರಲಿ.

ಇಂತಿ ನಿನ್ನ,
ಅಪ್ಪ