ಕೊಪ್ಪಳ: ಮೂರು ಅಕ್ಷರ, ಹದಿನೆಂಟು ಬೈಟು

ಕಳೆದ ವಾರ ಒಂದು ಸಣ್ಣ ಸುದ್ದಿ ಬಂತು. ಅದಕ್ಕೆ ನಮ್ಮ ಮನೆಯಲ್ಲಿ ಹೋಳಿಗೆಯೇ ಆಯಿತು. ಡೇಟಾಬೇಸಿನಿಂದ ವರದಿ ತೆಗೆಯುವ ಒಂದು ಮುಕ್ತ ತಂತ್ರಾಂಶವಿದೆ. ಅದರ ಕೈಪಿಡಿಯಲ್ಲಿ ನನ್ನ ಹನ್ನೆರಡನೇ ತಿದ್ದುಪಡಿ ಸೇರಿಕೊಂಡಿತು. ಪೂರ್ತಿ ಇಂಗ್ಲಿಷಿನಲ್ಲಿರುವ ಆ ಪುಟದ ನಡುವೆ ಈಗ ‘ಕೊಪ್ಪಳ’ ಎಂಬ ಪದ ಕನ್ನಡ ಲಿಪಿಯಲ್ಲೇ ಕೂತಿದೆ. ತಂತ್ರಾಂಶದ ಹೆಸರು ಮಾತ್ರ ಹೇಳುವುದಿಲ್ಲ. ನಾಲ್ಕೈದು ಜನ ಸಂಬಳವಿಲ್ಲದೆ ಅದನ್ನು ನಡೆಸುತ್ತಿದ್ದಾರೆ. ಅವರ ತಪ್ಪುಗಳನ್ನು ಊರಿಗೆಲ್ಲ ಡಂಗುರ ಹೊಡೆಯುವುದು ಸರಿಯಲ್ಲ, ಅಲ್ವಾ?

ಹನ್ನೆರಡರಲ್ಲಿ ಅರ್ಧ ಬರೀ ಕಾಗುಣಿತ. ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ಅದರಲ್ಲಿ ನಮ್ಮ ಮನೆಯವು ಒಂದು ಡಜನ್, ಅಷ್ಟೇ. ಆದರೆ ಆ ರೊಟ್ಟಿ ಬಡಿಯುವುದನ್ನು ನನಗೆ ಕಲಿಸಿದವರಿದ್ದಾರೆ. ಅವರಿಗೆಲ್ಲ ಶರಣು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವರ್ಷದ ಮಾತು. ನೀರೆಲ್ಲ ಹೊಳೆ ಪಾಲಾಯಿತು, ಈ ಸಲ ಭತ್ತ ಕಂಡಹಾಗೇ ಅಂದುಕೊಂಡಿದ್ದೆವು. ವಾರದೊಳಗೆ ಅಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಬೆಳೆ ಬಂತು. ನವೆಂಬರಿನಲ್ಲಿ ಗಿರಣಿ ಮುಂದೆ ಹಗಲೂ ರಾತ್ರಿ ಲಾರಿ ಸಾಲು. ಅದೇ ತಿಂಗಳು ನಮ್ಮಲ್ಲಿ ಪುಸ್ತಕ ಹೋಗಿ ಕಂಪ್ಯೂಟರ್ ವರದಿ ಬಂದಿತ್ತು.

ತಿಂಗಳ ಲೆಕ್ಕ ತೆಗೆದರೆ 2,640 ಚೀಲ ಕಡಿಮೆ. ಚೀಲಕ್ಕೆ 75 ಕೆಜಿ. ಗುಣಿಸಿ ನೋಡಿ, 1,980 ಕ್ವಿಂಟಲ್ ಭತ್ತ ಹಾರಿಹೋಗಿತ್ತು! ಎಂಟ್ರಿ ಮಾಡುವವಳು ನಾನು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತದೆ.

ನನ್ನ ಮೊದಲ ಶರಣು ನಮ್ಮ ಹಮಾಲರ ಹಿರಿಯರಿಗೆ. ಅವರದು ಚೀಲದ ಲೆಕ್ಕದ ಕೂಲಿ. ಹಾಗಾಗಿ ಕಂಪ್ಯೂಟರನ್ನು ಅವರು ನಂಬುವುದೇ ಇಲ್ಲ. ತಮ್ಮದೇ ಪಾಕೆಟ್ ನೋಟ್‌ಬುಕ್ಕಿನಲ್ಲಿ ಐದೈದು ಗೀಟು ಹಾಕಿ ಎಣಿಸುತ್ತಾರೆ. ‘ಮಾಲು ಬಂದೈತಿ ತಂಗಿ, ನಮ್ಮ ಬೆನ್ನಿಗೆ ಗೊತ್ತು. ನಿನ್ನ ಡಬ್ಬಿ ಎಲ್ಲಿ ನುಂಗೇತಿ ನೋಡು’ ಅಂದರು. ಇಬ್ಬರೂ ಕೂತು ದಿನದಿನದ ಲೆಕ್ಕ ತಾಳೆ ನೋಡಿದೆವು. ಕಡಿಮೆ ಬಿದ್ದದ್ದು ಒಂದೇ ದಿನ. ನವೆಂಬರ್ 30, ಶನಿವಾರ. ಹನ್ನೊಂದು ಲಾರಿ. ಒಂದೊಂದರಲ್ಲಿ 240 ಚೀಲ.

ಹನ್ನೊಂದೂ ಡೇಟಾಬೇಸಿನಲ್ಲಿ ಇದ್ದವು. ವರದಿಯಲ್ಲಿ ಇರಲಿಲ್ಲ. ವರದಿಗೆ ಕೊಟ್ಟಿದ್ದ ಆದೇಶ ನವೆಂಬರ್ 1 ಮತ್ತು 30ರ ‘ನಡುವೆ’ ಎಂದಿತ್ತು. ಡೇಟಾಬೇಸಿಗೆ ಆದೇಶ ಬರೆಯುವ ಭಾಷೆಯಾದ ಎಸ್‌ಕ್ಯೂಎಲ್‌ನ ‘ಬಿಟ್ವೀನ್’. ಅದು ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ, ನಿಜ. ಬರೀ ತಾರೀಖು ಇರುವ ಕಾಲಂ ಆದರೆ ತೊಂದರೆಯೇ ಇಲ್ಲ. ಆದರೆ ನಮ್ಮ ಕಾಟಾ ತೂಕದ ಜೊತೆ ಗಂಟೆ ನಿಮಿಷವನ್ನೂ ಬರೆಯುತ್ತದೆ. ಆಗ ಡೇಟಾಬೇಸು ‘30’ ಎಂಬುದನ್ನು 30ನೇ ತಾರೀಖು ಶುರುವಾಗುವ ನಡುರಾತ್ರಿ ಸೊನ್ನೆ ಗಂಟೆ ಎಂದು ಓದುತ್ತದೆ. ಆಮೇಲೆ ಬಂದ ಲಾರಿಯೆಲ್ಲ ಹೊರಗೆ. ‘ನವೆಂಬರ್ 1ರಿಂದ ಹಿಡಿದು, ಡಿಸೆಂಬರ್ 1ಕ್ಕಿಂತ ಮುಂಚೆ’ ಎಂದು ಬರೆದೆ. ಹನ್ನೊಂದು ಲಾರಿಯೂ ಒಳಗೆ ಬಂದವು. ಆವತ್ತು ಅತ್ತುಬಿಟ್ಟೆ ನಾನು.

ಆ ಆದೇಶವನ್ನು ನಮ್ಮ ಕಂಪ್ಯೂಟರ್ ಹುಡುಗ ಆ ವರದಿ ತಂತ್ರಾಂಶದ ಕೈಪಿಡಿಯ ಉದಾಹರಣೆಯಿಂದ ಹಾಗೇ ಇಳಿಸಿಕೊಂಡಿದ್ದ. ಉದಾಹರಣೆಯ ಕಾಲಂ ಕೂಡ ಗಂಟೆ ನಿಮಿಷದ್ದೇ. ಅದರ ಕೆಳಗೆ ‘ಕೊನೆಯ ದಿನವೂ ಪೂರ್ತಿ ಸೇರುತ್ತದೆ’ ಎಂಬ ಸಾಲು. ಅವನನ್ನು ಏನೆಂದು ಬೈಯುವುದು? ಅಚ್ಚಾದದ್ದನ್ನು ನಂಬಿದ್ದ, ಅಷ್ಟೇ.

ಅಚ್ಚಾದದ್ದನ್ನು ನಂಬಬೇಡ ಎಂದು ನನಗೆ ಕಲಿಸಿದವರು ಪ್ರೆಸ್ಸಿನ ಕಾಕಾ. ಮದುವೆಗೆ ಮುಂಚೆ ಕೊಪ್ಪಳದಲ್ಲಿ ಅವರ ಪ್ರೆಸ್ಸಿನಲ್ಲಿ ಮೂರು ವರ್ಷ ಲಗ್ನಪತ್ರಿಕೆಯ ಪ್ರೂಫ್ ತಿದ್ದಿದ್ದೇನೆ. ‘ಅರ್ಥ ಓದಬ್ಯಾಡವಾ, ಅಕ್ಷರ ಓದು. ಅರ್ಥ ಓದಿದ್ರ ಕಣ್ಣು ಓಡ್ತದ’ ಅನ್ನುತ್ತಿದ್ದರು. ಕೊನೆಯ ಸಾಲಿನಿಂದ ಹಿಂದಕ್ಕೆ ಓದಿಸುತ್ತಿದ್ದರು. ಮೊದಲು ಕ್ಯಾಲೆಂಡರ್ ಹಿಡಿದು ತಾರೀಖಿಗೂ ವಾರಕ್ಕೂ ಹೊಂದುತ್ತದೋ ನೋಡಬೇಕು. ಚಿ.ಕುಂ.ಸೌ. ಎಲ್ಲ ಆಮೇಲೆ. ‘ಹೆಸರು ತಪ್ಪಿದ್ರ ಬೈತಾರ, ತಾರೀಖು ತಪ್ಪಿದ್ರ ಅಡಗಿ ಹಳಸ್ತೈತಿ.’ ನಮ್ಮ ಅಡುಗೆಯೂ ತಾರೀಖಿನಿಂದಲೇ ಹಳಸಿತ್ತು ನೋಡಿ.

ಎರಡನೇ ಶರಣು ಅಣ್ಣನ ಮಗಳಿಗೆ. ನಾನು ಓದಿದ್ದು ಕನ್ನಡ ಮಾಧ್ಯಮ. ‘ಅತ್ತೀ, ಬೈಕೊಂತ ಕೂಡಬ್ಯಾಡ, ತಿದ್ದಿ ಕಳಿಸು. ಇಂಗ್ಲಿಷ್ ನಾ ನೋಡ್ತೀನಿ’ ಅಂದವಳು ಅವಳು. ಆಗ ಪಿಯುಸಿ ಓದುತ್ತಿದ್ದಳು. ಪ್ಯಾಚ್, ಅಂದರೆ ತಿದ್ದುಪಡಿ ಬರೆದು ಕಳಿಸುವ ಕಡತ, ಹೇಗಿರುತ್ತದೆ ಎಂದು ಇಬ್ಬರೂ ಒಟ್ಟಿಗೆ ಕಲಿತೆವು. ತೆಗೆಯುವ ಸಾಲಿಗೆ ಮೈನಸ್, ಸೇರಿಸುವ ಸಾಲಿಗೆ ಪ್ಲಸ್. ಪ್ರೂಫಿನ ಅಂಚಿನಲ್ಲಿ ಹಾಕುವ ಗುರುತಿನ ಹಾಗೆಯೇ.

ಹುಮ್ಮಸ್ಸಿನಲ್ಲಿ ಏಳು ತಪ್ಪು ಒಂದೇ ಪ್ಯಾಚಿನಲ್ಲಿ ತುರುಕಿ ಕಳಿಸಿದೆ. ತಂತ್ರಾಂಶ ನಡೆಸುವವರಿಂದ ವಾಪಸ್ ಬಂತು. ಒಂದು ತಪ್ಪಿಗೆ ಒಂದು ಪ್ಯಾಚ್ ಇರಲಿ ಎಂದಿದ್ದರು. ಜೊತೆಗೆ, ನಾನು ಸೇರಿಸಿದ ಸಾಲಿನಲ್ಲೇ ಒಂದು ಸ್ಪೆಲಿಂಗ್ ತಪ್ಪಿತ್ತು. ಕಾಕಾ ನೋಡಿದ್ದರೆ ಕಿವಿ ಹಿಂಡುತ್ತಿದ್ದರು. ಆ ಕಡೆಯವರು ನಗಲೂ ಇಲ್ಲ, ಜರಿಯಲೂ ಇಲ್ಲ. ಮುಖ ನೋಡದ ಆ ಪುಣ್ಯಾತ್ಮರಿಗೂ ಶರಣು.

ಹನ್ನೆರಡನೆಯದರ ಕಥೆಯೇ ಬೇರೆ. ನಮ್ಮ ಗಿರಣಿಯ ಡೇಟಾಬೇಸು ಪೋಸ್ಟ್‌ಗ್ರೆಸ್‌ಕ್ಯೂಎಲ್. ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಹುಟ್ಟಿದ್ದು. ನಾನೂ ಅದೇ ವರ್ಷದವಳು! ಅದಕ್ಕೆ ಈಗಿನ ಹೆಸರು ಬಂದದ್ದು 1996ರಲ್ಲಿ. ಅದರ ಗುರುತು ಆನೆ. ಆನೆಗೊಂದಿಯ ಪಕ್ಕದವರಾದ ನಮಗೆ ಅದು ಮನೆದೇವರಿದ್ದ ಹಾಗೆ. ಒಂದು ದಿನ ಸುಮ್ನೆ ಆಟಕ್ಕೆಂದು ಅದರೊಳಗಿನ ಒಂದು ಟೇಬಲ್ಲಿಗೆ, ಅಂದರೆ ಲೆಕ್ಕದ ಪಟ್ಟಿಗೆ, ಕನ್ನಡದಲ್ಲೇ ಹೆಸರಿಟ್ಟೆ: ಭತ್ತ_ಖರೀದಿ_ಗಂಗಾವತಿ_ನವೆಂಬರ್. ತಗೊಂಡಿತು. ಆದರೆ ಬಾಲ ಕತ್ತರಿಸಿಬಿಟ್ಟಿತು. ನವೆಂಬರ್ ಹೋಗಿ ‘ನವೆಂ’ ಉಳಿಯಿತು.

ವರದಿ ತಂತ್ರಾಂಶದ ಕೈಪಿಡಿಯಲ್ಲಿ ‘ಹೆಸರು 63 ಅಕ್ಷರದವರೆಗೆ ಇರಬಹುದು’ ಎಂದಿತ್ತು. ನನ್ನದು ಎಣಿಸಿದರೆ ಇಪ್ಪತ್ತು ಅಕ್ಷರವೂ ಇಲ್ಲ. ಪೋಸ್ಟ್‌ಗ್ರೆಸ್‌ನ ಸ್ವಂತ ಕೈಪಿಡಿ ತೆಗೆದು ನೋಡಿದೆ. ಅಲ್ಲಿ ಸರಿಯಾಗಿ 63 ‘ಬೈಟು’ ಎಂದೇ ಇದೆ. ಬೈಟು ಎಂದರೆ ಕಂಪ್ಯೂಟರಿನಲ್ಲಿ ಅಕ್ಷರ ಹಿಡಿಯುವ ಜಾಗದ ಅಳತೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು, ಆದ್ದರಿಂದ ಅವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಕೊಪ್ಪಳ’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಕ, ಅದರ ಒಕಾರ, ಪ, ಒತ್ತು ಕೂಡಿಸುವ ಅರ್ಧಾಕ್ಷರದ ಗುರುತು (್), ಇನ್ನೊಂದು ಪ, ಳ. ಒಟ್ಟು ಆರು. ಆರು ಮೂರಲೆ ಹದಿನೆಂಟು.

ಇದನ್ನು ವಿವರಿಸಿ ಬರೆದಾಗ ಆ ಕಡೆಯವರಿಗೆ ಎಷ್ಟು ಖುಷಿಯಾಯಿತೆಂದರೆ, ಉದಾಹರಣೆಯಾಗಿ ‘ಕೊಪ್ಪಳ’ವನ್ನೇ ಇಟ್ಟುಕೊಂಡರು.

ನಮ್ಮ ಮನೆಯ ಯಜಮಾನರಿಗೂ ಒಂದು ಮಾತು. ಈ ಒಂದು ವರ್ಷ ಎಷ್ಟೋ ರಾತ್ರಿ ರೊಟ್ಟಿ ಮುಚ್ಚಿಟ್ಟು, ಏನೂ ಕೇಳದೆ ಮಲಗಿದ್ದಾರೆ. ಅದು ಸಣ್ಣ ಸಹಾಯವಲ್ಲ.

ಭಾನುವಾರ ಹೋಳಿಗೆ ಕಟ್ಟಿಕೊಂಡು ಕಾಕಾ ಮನೆಗೆ ಹೋದೆ. ಈಗ ಪ್ರೆಸ್ಸು ಇಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ಇಂಗ್ಲಿಷ್ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಫೋನಿನಲ್ಲಿ ಆ ಪುಟ ತೆಗೆದು ಕೈಗೆ ಕೊಟ್ಟೆ. ಕೊಪ್ಪಳ ಎಂಬಲ್ಲಿ ಬೆರಳಿಟ್ಟು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಪುಟ ಹಿಗ್ಗಿಸಿದರು, ಕೆಳಗಿನಿಂದ ಮೇಲಕ್ಕೆ ಸರಿಸಿದರು. ಒಂದು ಕಡೆ ನಿಂತರು.

‘ಇಲ್ಲಿ ಈ ಎರಡೂ ಒಂದೇ ನಮೂನಿ ಅದಾವಲ್ಲವಾ. ಹಂಗ ಇರಬೇಕೇನು?’

ಬಗ್ಗಿ ನೋಡಿದೆ. ‘ದಿ’ ಎಂಬ ಪದ ಎರಡು ಸಲ ಬಿದ್ದಿತ್ತು. ಆ ಪುಟವನ್ನು ನಾನು ಹತ್ತು ಸಲವಾದರೂ ಓದಿದ್ದೆ.

ಹದಿಮೂರನೇ ಪ್ಯಾಚ್ ನಿನ್ನೆ ರಾತ್ರಿ ಕಳಿಸಿದ್ದೇನೆ. ತಪ್ಪು ಹಿಡಿದವರು ಎಂಬಲ್ಲಿ ಕಾಕಾ ಹೆಸರು ಬರೆದಿದ್ದೇನೆ. ಸ್ಪೆಲಿಂಗ್ ಮೂರು ಸಲ ನೋಡಿಯೇ.