ಕಾಯಿಲೆ ಬೇರೆ, ಕಾನೂನಿನ ಹೊಣೆ ಬೇರೆ

ಮಾನ್ಯ ಸಂಪಾದಕರೇ,

ಅಪರಾಧದ ಸುದ್ದಿಗಳಲ್ಲಿ ಆರೋಪಿಯನ್ನು ‘ಮಾನಸಿಕ ಅಸ್ವಸ್ಥ’ ಎಂದು ಬಣ್ಣಿಸಿದ ಕೂಡಲೇ ಆತ ಶಿಕ್ಷೆಯಿಂದ ಪಾರಾದನೆಂದು ಹಲವರು ಭಾವಿಸುವುದುಂಟು. ಆದರೆ ವೈದ್ಯರು ರೋಗವನ್ನು ಗುರುತಿಸುವುದು ಬೇರೆ, ನ್ಯಾಯಾಲಯ ಹೊಣೆಯನ್ನು ನಿರ್ಧರಿಸುವುದು ಬೇರೆ. 1843ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಮ್ಯಾಕ್‌ನಾಟನ್ ನಿಯಮದ ಪ್ರಕಾರ, ಕೃತ್ಯದ ವೇಳೆ ಮನೋವಿಕಾರದಿಂದಾಗಿ ತಾನೇನು ಮಾಡುತ್ತಿದ್ದೇನೆ ಎಂಬುದಾಗಲಿ, ಅದು ತಪ್ಪು ಎಂಬುದಾಗಲಿ ತಿಳಿಯದಿದ್ದವನಿಗೆ ಮಾತ್ರ ಶಿಕ್ಷೆಯಿಂದ ರಕ್ಷಣೆ ದೊರೆಯುತ್ತದೆ; ಕಾಯಿಲೆಯ ಹೆಸರೊಂದೇ ಸಾಲದು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಕಠಿಣವಾದದ್ದು, ಯಾವ ಅಪರಾಧವನ್ನೂ ಮಾಡದವರನ್ನು ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಯಲ್ಲಿ ಇರಿಸುವ ಪ್ರಶ್ನೆ. ಅಮೆರಿಕದ ಫ್ಲಾರಿಡಾದಲ್ಲಿ ಕೆನೆತ್ ಡೊನಾಲ್ಡ್‌ಸನ್ ಸುಮಾರು 15 ವರ್ಷ ಹೀಗೆ ಬಂಧಿಯಾಗಿದ್ದರು. ಅಪಾಯಕಾರಿಯಲ್ಲದ, ಸ್ವಂತವಾಗಿ ಅಥವಾ ಆಪ್ತರ ನೆರವಿನಿಂದ ಹೊರಗೆ ಸುರಕ್ಷಿತವಾಗಿ ಬದುಕಬಲ್ಲ ವ್ಯಕ್ತಿಯನ್ನು ಸುಮ್ಮನೆ ಕೂಡಿಹಾಕುವಂತಿಲ್ಲ ಎಂದು 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ರೋಗಿಯ ಹಿತಕ್ಕಾಗಿಯೇ ಬಂಧನ ಎಂಬ ವಾದ ಎಷ್ಟೇ ಕನಿಕರದಿಂದ ಹುಟ್ಟಿದ್ದರೂ, ಚಿಕಿತ್ಸೆಯನ್ನೇ ನೀಡದೆ ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕೂ ಸೆರೆವಾಸಕ್ಕೂ ವ್ಯತ್ಯಾಸ ಕಾಣುವುದು ಕಷ್ಟ.

ರೋಗಿ ಚಿಕಿತ್ಸಕರಲ್ಲಿ ಹೇಳಿಕೊಂಡದ್ದರ ಗೋಪ್ಯತೆಯ ವಿಷಯವೂ ಇಷ್ಟೇ ತೊಡಕಿನದು. ರೋಗಿಯಿಂದ ಮತ್ತೊಬ್ಬರ ಪ್ರಾಣಕ್ಕೆ ಗಂಭೀರ ಅಪಾಯವಿದ್ದರೆ ಅವರ ರಕ್ಷಣೆಗೆ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಕರ್ತವ್ಯವೆಂದು 1976ರಲ್ಲಿ ಟೆರಸಾಫ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಇದು ಒಪ್ಪತಕ್ಕದ್ದೇ. ಆದರೆ ಯಾರು ಹಿಂಸೆಗೆ ಇಳಿಯುತ್ತಾರೆಂಬುದನ್ನು ಖಚಿತವಾಗಿ ಊಹಿಸುವ ವಿಧಾನ (ಅನುಭವಿ ತಜ್ಞರ ಬಳಿಯೂ) ಇಲ್ಲದಿರುವಾಗ, ಗುಟ್ಟು ಮುರಿಯುವ ಅಧಿಕಾರವನ್ನು ಸಡಿಲವಾಗಿ ಬಳಸಿದರೆ ಜನ ಚಿಕಿತ್ಸೆಗೆ ಬರಲು, ಬಂದರೂ ಮನಬಿಚ್ಚಿ ಮಾತನಾಡಲು ಹಿಂಜರಿಯುತ್ತಾರೆ. ಆದ್ದರಿಂದ ಗೋಪ್ಯತೆಗೆ ಇರುವ ಮಿತಿಗಳನ್ನು ಚಿಕಿತ್ಸಕರು ಮೊದಲ ಭೇಟಿಯಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಇತಿ,
ಓರ್ವ ಓದುಗ