ಒಂದು ಬಾಟಲಿಗೆ ಮೂರು ಸೀಲು ಯಾಕೆ? ತೀರ್ಥಹಳ್ಳಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ನಾಗರಾಜ,

ಫೋನಿನಲ್ಲಿ ನೀನು ಬೈದಿದ್ದಕ್ಕೆ ಉತ್ತರ ಇದು. ಅಪ್ಪಯ್ಯನ ಮಂಡಿನೋವಿಗೆ ಅಂತ ನಾನು ಕಳಿಸಿದ ಟೈಲೆನಾಲ್ ಬಾಟಲಿ ಬಿಚ್ಚುವಷ್ಟರಲ್ಲಿ ನಿನಗೇ ತಲೆನೋವು ಬಂತು ಅಂದೆಯಲ್ಲ. ಗೋಂದು ಹಾಕಿ ಅಂಟಿಸಿದ ಡಬ್ಬಿ, ಬಾಟಲಿಯ ಕುತ್ತಿಗೆಗೆ ಪ್ಲಾಸ್ಟಿಕ್ ಪಟ್ಟಿ, ಒತ್ತಿ ತಿರುಗಿಸದೆ ಬಾರದ ಮುಚ್ಚಳ, ಅದರಡಿ ಬಾಯಿಗೆ ಬಿಗಿದ ಫಾಯಿಲ್. ಒಳಗಿರುವುದು ನೀನು ದಿನಬೆಳಗಾದರೆ ಮಾರುವ ಪ್ಯಾರಸಿಟಮಾಲೇ. ಇಲ್ಲಿ ಅದನ್ನು ಅಸೆಟಮಿನೊಫೆನ್ ಅಂತಾರೆ, ಅಷ್ಟೆ.

ಮುಚ್ಚಳವನ್ನು ಬಿಟ್ಟುಬಿಡು. ಮಕ್ಕಳ ಕೈಗೆ ಬಾಟಲಿ ಸಿಕ್ಕರೂ ತೆರೆಯಲಾಗದಿರಲಿ ಅಂತ 1970ರ ಕಾನೂನೊಂದು ತಂದದ್ದು ಅದು. ಮಿಕ್ಕ ಮೂರೂ ಹುಟ್ಟಿದ್ದು ನಾನೀಗ ಇರುವ ಈ ಶಿಕಾಗೊ ಆಸುಪಾಸಿನಿಂದ.

1982ರ ಸೆಪ್ಟೆಂಬರ್ 29, ಬುಧವಾರ. ಎಲ್ಕ್ ಗ್ರೋವ್ ವಿಲೇಜ್ ಎಂಬಲ್ಲಿ ನೆಗಡಿಯಾಗಿದ್ದ 12 ವರ್ಷದ ಹುಡುಗಿ ಬೆಳಗ್ಗೆ ಟೈಲೆನಾಲ್ ಕ್ಯಾಪ್ಸೂಲ್ ನುಂಗಿ ಸತ್ತಳು. ಅದೇ ದಿನ ಪಕ್ಕದ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ 27 ವರ್ಷದ ಅಂಚೆ ನೌಕರನೊಬ್ಬ ಕುಸಿದುಬಿದ್ದು ಹೋದ. ಹೃದಯಾಘಾತ ಇರಬೇಕು ಅಂದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದ ಅವನ ತಮ್ಮ, ಹೊಸದಾಗಿ ಮದುವೆಯಾಗಿದ್ದ ತಮ್ಮನ ಹೆಂಡತಿ, ಇಬ್ಬರೂ ಅದೇ ಬಾಟಲಿಯಿಂದ ನುಂಗಿದರು. ಅವರೂ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಒಟ್ಟು ಏಳು ಹೆಣ. ಕ್ಯಾಪ್ಸೂಲ್ ಬಿಚ್ಚಿ ಒಳಗೆ ಪೊಟ್ಯಾಸಿಯಂ ಸಯನೈಡ್ ತುಂಬಿದ್ದರು.

ಇಲ್ಲಿಯ ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲಿ ಇದು ಆಗ ಟೈಲೆನಾಲ್ ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಕಥೆ. ಮುಖ್ಯಸ್ಥ ಜೇಮ್ಸ್ ಬರ್ಕ್ ದೇಶದ ಉದ್ದಗಲದಿಂದ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿದ, ಹತ್ತು ಕೋಟಿ ಡಾಲರ್ ಹೋದರೂ ಹೋಗಲಿ ಅಂದ, ನೆಲ ಕಚ್ಚಿದ್ದ ಬ್ರಾಂಡನ್ನು ವರ್ಷದೊಳಗೆ ಎತ್ತಿ ನಿಲ್ಲಿಸಿದ ಅಂತೆಲ್ಲ. ಸುಳ್ಳೇನಲ್ಲ. ಆದರೆ ನನಗೆ ಆ ಪಾಠ ಕೇಳಿದಾಗಲೆಲ್ಲ ಸಿಟ್ಟು ಬರುತ್ತೆ ಮಾರಾಯ. ಬಾಟಲಿ ವಾಪಸ್ ತರಿಸಬೇಕಾದರೆ ಮೊದಲು ವಿಷ ಬಾಟಲಿಯಲ್ಲಿದೆ ಅಂತ ಯಾರಿಗಾದರೂ ಹೊಳೆಯಬೇಕಲ್ಲ?

ಹೊಳೆದದ್ದು ಹೆಲೆನ್ ಜೆನ್ಸನ್ ಎಂಬ ನರ್ಸಿಗೆ. ಆರ್ಲಿಂಗ್ಟನ್ ಹೈಟ್ಸ್ ಊರಾಡಳಿತದ ಆರೋಗ್ಯ ಇಲಾಖೆಯಲ್ಲಿ ಕೆಲಸ. ಒಂದೇ ಮನೆಯ ಮೂವರು ಕುಸಿದರು ಅಂತ ತಿಳಿದು ಆ ಮನೆಗೇ ಹೋದಳು. ಟೈಲೆನಾಲ್ ಬಾಟಲಿ ಕಣ್ಣಿಗೆ ಬಿತ್ತು, ಅದು ಅವತ್ತೇ ಕೊಂಡದ್ದು. ಕ್ಯಾಪ್ಸೂಲುಗಳನ್ನು ಸುರಿದು ಎಣಿಸಿದಳು. 50ರಲ್ಲಿ ಆರು ಇಲ್ಲ. ಮೂರು ಜನ, ತಲೆಗೆ ಎರಡು. ತಪ್ಪು ಮಾತ್ರೆಯಲ್ಲೇ ಇದೆ ಅಂತ ಆಸ್ಪತ್ರೆಗೆ ಬಂದು ಹೇಳಿದರೆ ಅಲ್ಲಿದ್ದವರು ಅವಳ ಮಾತಿಗೆ ಬೆಲೆ ಕೊಡಲಿಲ್ಲವಂತೆ. ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಅದೇ ಸಂಜೆ ಅಗ್ನಿಶಾಮಕ ದಳದ ಇಬ್ಬರು ಸ್ನೇಹಿತರು ಫೋನಿನಲ್ಲಿ ಮಾತಾಡುತ್ತ ಹುಡುಗಿಯ ಮನೆಗೂ ಈ ಮನೆಗೂ ಟೈಲೆನಾಲ್ ಒಂದೇ ನಂಟು ಅಂತ ಕಂಡುಕೊಂಡರು. ಆಮೇಲೆ ಶವಪರೀಕ್ಷೆ ಕಚೇರಿಯವರು ಬಾಟಲಿ ಮೂಸಿ ನೋಡಿದರು. ಕಹಿ ಬಾದಾಮಿಯ ವಾಸನೆ, ಸಯನೈಡಿನ ಗುರುತು. ಅದು ಎಲ್ಲರ ಮೂಗಿಗೂ ಹತ್ತುವುದಿಲ್ಲ, ಮೂಸಿದವನಿಗೆ ಹತ್ತಿದ್ದು ಪುಣ್ಯ. ಮಾತ್ರೆ ಎಣಿಸುವುದೇ ಬದುಕಾದ ನಿನಗಾದರೂ ಈ ಹೆಂಗಸಿನ ಹೆಸರು ಗೊತ್ತಿರಲಿ ಅಂತ ಬರೆದೆ.

ವಿಷದ ಬಾಟಲಿಗಳು ಬೇರೆ ಬೇರೆ ಕಾರ್ಖಾನೆಗಳಿಂದ ಬಂದವು. ಸಾವು ಮಾತ್ರ ಶಿಕಾಗೊ ಸುತ್ತಲೇ. ಹಾಗಾಗಿ ಯಾರೋ ಅಂಗಡಿಯಿಂದ ಬಾಟಲಿ ಒಯ್ದು, ವಿಷ ತುಂಬಿ, ತಂದು ಮತ್ತೆ ಅದೇ ಶೆಲ್ಫಿನಲ್ಲಿ ಇಟ್ಟಿದ್ದಾರೆ ಅಂತ ತನಿಖೆಯವರು ತೀರ್ಮಾನಿಸಿದರು. ಸೀಲು ಇರಲಿಲ್ಲವಲ್ಲ, ತೆರೆದು ಮುಚ್ಚಿದರೆ ಗೊತ್ತಾಗುವ ಬಗೆಯೇ ಇರಲಿಲ್ಲ. ಪೊಲೀಸರು ಬೀದಿ ಬೀದಿಯಲ್ಲಿ ಧ್ವನಿವರ್ಧಕ ಹಿಡಿದು ಎಚ್ಚರಿಸಿದರು. ನವೆಂಬರಿನಲ್ಲಿ ಕಂಪನಿ ನೀನು ಬೈದ ಮೂರು ಸೀಲಿನ ಬಾಟಲಿ ತಂದಿತು. ಅದೇ ತಿಂಗಳು ಔಷಧ ನಿಯಂತ್ರಿಸುವ ಎಫ್‌ಡಿಎ, ಡಾಕ್ಟರ ಚೀಟಿಯಿಲ್ಲದೆ ಕೌಂಟರಿನಲ್ಲಿ ಮಾರುವ ಔಷಧಿಗಳಿಗೆ ಇಂಥ ಪ್ಯಾಕಿಂಗ್ ಕಡ್ಡಾಯ ಮಾಡಿತು. 1983ರಲ್ಲಿ ಹೀಗೆ ಮಾರಾಟದ ಸರಕಿಗೆ ಕೈಹಾಕಿ ಕೆಡಿಸುವುದು ಕೇಂದ್ರ ಸರ್ಕಾರದ ಕಾನೂನಿನಡಿಯೇ ಅಪರಾಧವಾಯಿತು.

ಇಷ್ಟಾದ ಮೇಲೂ 1986ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಹತ್ತಿರ ಒಬ್ಬ ಯುವತಿ ಸಯನೈಡ್ ಹಾಕಿದ ಟೈಲೆನಾಲ್ ಕ್ಯಾಪ್ಸೂಲಿನಿಂದಲೇ ಸತ್ತಳು. ಅದನ್ನು ಮಾಡಿದವರೂ ಸಿಗಲಿಲ್ಲ. ಕಂಪನಿ ಆಗ ಚೀಟಿಯಿಲ್ಲದೆ ಮಾರುವ ಕ್ಯಾಪ್ಸೂಲನ್ನೇ ಕೈಬಿಟ್ಟು, ಬಿಚ್ಚಲಾಗದ ಉದ್ದನೆಯ ಗಟ್ಟಿ ಮಾತ್ರೆಗೆ ಬಂತು. ಅಪ್ಪಯ್ಯ ನುಂಗುತ್ತಿರುವುದು ಅದನ್ನೇ. ನನ್ನ ಕೇಳಿದರೆ ಮೂರು ಸೀಲಿಗಿಂತ ಈ ಬದಲಾವಣೆಯೇ ದೊಡ್ಡದು. ಸೀಲು ಕಿತ್ತಿದೆಯೋ ಇಲ್ಲವೋ ಅಂತ ನೋಡುವ ಕೆಲಸ ಕೊಂಡವನದ್ದು, ತಲೆ ಸಿಡಿಯುತ್ತಿರುವಾಗ ಯಾರು ನೋಡ್ತಾರೆ ಹೇಳು.

ಏಳು ಜನರನ್ನು ಕೊಂದವರು ಯಾರು ಅಂತ ಕೇಳ್ತೀಯ. ಗೊತ್ತಿಲ್ಲ. ಹತ್ತು ಲಕ್ಷ ಡಾಲರ್ ಕೊಟ್ಟರೆ ಕೊಲೆ ನಿಲ್ಲಿಸುತ್ತೇನೆ ಅಂತ ಕಂಪನಿಗೆ ಕಾಗದ ಬರೆದ ಜೇಮ್ಸ್ ಲೂಯಿಸ್ ಎಂಬಾತ ಬೆದರಿಸಿ ಹಣ ಕೇಳಿದ್ದಕ್ಕೆ 12 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಕೊಲೆ ಮಾತ್ರ ನನ್ನದಲ್ಲ ಅಂತ ಕೊನೆಯವರೆಗೂ ಹೇಳಿದ, ಕೊಲೆಯ ಮೊಕದ್ದಮೆಯೂ ಅವನ ಮೇಲೆ ಬೀಳಲಿಲ್ಲ. 2023ರಲ್ಲಿ ತೀರಿಕೊಂಡ.

ಈಗ ನಿನಗೊಂದು ಪ್ರಶ್ನೆ. ನಮ್ಮಲ್ಲಿ ಒಂದೊಂದು ಮಾತ್ರೆಗೂ ಅದರದ್ದೇ ಗೂಡು ಇರುವ ಸ್ಟ್ರಿಪ್ಪು, ಆ ಮಟ್ಟಿಗೆ ಇಲ್ಲಿಯ ಬಾಟಲಿಗಿಂತ ವಾಸಿ. ಆದರೆ ನೀವು ಅದನ್ನು ಕತ್ತರಿಸಿ ನಾಲ್ಕು, ಎರಡು ಅಂತ ಕೊಡ್ತೀರಿ. ಗಿರಾಕಿ ವಾರ ಬಿಟ್ಟು, "ಜ್ವರ ಬಿಡ್ತು, ಉಳಿದದ್ದು ತಗೊಂಡು ದುಡ್ಡು ಕೊಡಿ" ಅಂತ ಬಂದರೆ, ಗುರುತಿನವರು ಅಂತ ನೀನು ಇಲ್ಲ ಅನ್ನಲಾರೆ, ನನಗೆ ಗೊತ್ತು. ವಾಪಸ್ ಬಂದ ಆ ತುಂಡು ಆಮೇಲೆ ಎಲ್ಲಿಗೆ ಹೋಗುತ್ತೆ? ಕಸದ ಬುಟ್ಟಿಗೋ, ಮತ್ತೆ ಅದೇ ಡ್ರಾಯರಿಗೋ? ನಿಜ ಬರೆ.

ನಿನ್ನ,
ಶ್ರೀಧರ